ಪಾಲಕರ ಸಹಿ

ಮೂರು ವರ್ಷಗಳ ಹಿಂದೆ ಈ ಕಾಲೇಜಿನ ಪ್ರವೇಶ ಅರ್ಜಿಯನ್ನು ತುಂಬಿದಾಗ ಅದರ ಕೊನೆಯಲ್ಲಿ ‘ಪಾಲಕರ ಸಹಿ’ ಎಂದು ಅಚ್ಚಾಗಿತ್ತು. ನನ್ನ ತಂದೆಯವರು ಆ ಜಾಗದಲ್ಲಿ ಎಡಗೈ ಹೆಬ್ಬೆರಳನ್ನು ಒತ್ತಿದರು. ಮಸಿ ತುಸು ಹೆಚ್ಚಾಗಿ ಮೇಲಿನ ಸಾಲಿಗೂ ತಾಗಿತು. ಆಗ ನನಗಾದ ಸಂಕೋಚವನ್ನು ಇಲ್ಲಿ ಮುಚ್ಚಿಡಲಾರೆ. ಹಿಂದೆ ನಿಂತವರು ನೋಡಿಯಾರೆಂದು ಅರ್ಜಿಯನ್ನು ಬೇಗನೆ ಮಡಚಿ ಹಿಡಿದುಕೊಂಡೆ. ಈಗ ಅಂತಿಮ ಬಿ.ಎ. ತರಗತಿಯಲ್ಲಿ ಕುಳಿತು ಹಿಂದಿರುಗಿ ನೋಡುವಾಗ, ಆ ದಿನ ನನ್ನ ಕಣ್ಣಿಗೆ ‘ಸಹಿ’ ಎಂಬ ಶಬ್ದವಷ್ಟೇ ಬಿದ್ದಿತ್ತು, ‘ಪಾಲಕ’ ಎಂಬ ಶಬ್ದ ಬಿದ್ದಿರಲಿಲ್ಲ ಎನಿಸುತ್ತದೆ. ಈ ಲೇಖನ ಆ ಶಬ್ದವನ್ನು ಕುರಿತದ್ದು.

ನಮ್ಮ ಸೀಮೆಯಲ್ಲಿ ಶಾಲೆಯ ಕಾಗದಪತ್ರಗಳು ತಾಯಿತಂದೆಗಳನ್ನು ಪಾಲಕರೆನ್ನುತ್ತವೆ. ಮೈಸೂರಿನ ಕಡೆ ಪೋಷಕರೆಂಬ ಮಾತು ಹೆಚ್ಚು ಬಳಕೆಯಲ್ಲಿದೆ. ಆದರೆ ನಾನು ಬೆಳೆದ ಮನೆಯಲ್ಲಿ ಈ ಶಬ್ದಕ್ಕೆ ಮತ್ತೊಂದು ಬಳಕೆಯೂ ಉಂಟು. ನಮ್ಮದು ದೇವದುರ್ಗಕ್ಕೂ ಮಾನವಿಗೂ ನಡುವೆ ಇರುವ ಒಂದು ಹಳ್ಳಿ. ನಮ್ಮ ಮನೆತನ ಅಲ್ಲಿಯ ಚಿಕ್ಕದೊಂದು ಮೆಥಡಿಸ್ಟ್ ಸಭೆಗೆ ಸೇರಿದ್ದು. ಸಭೆಯ ಮುಖ್ಯಸ್ಥರನ್ನು ನಾವು ‘ಸಭಾಪಾಲಕರು’ ಎಂದು ಕರೆಯುತ್ತೇವೆ. ಇಂಗ್ಲಿಷಿನವರು ‘ಪಾಸ್ಟರ್’ ಎನ್ನುವ ಶಬ್ದ ಲ್ಯಾಟಿನ್ ಭಾಷೆಯದು. ಅದರ ಮೂಲಾರ್ಥ ಕುರಿ ಕಾಯುವವನು ಎಂದು. ಅದನ್ನು ಕನ್ನಡಕ್ಕೆ ತಂದವರು ‘ಅಧಿಪತಿ’ ಎನ್ನಲಿಲ್ಲ, ‘ಒಡೆಯ’ ಎನ್ನಲಿಲ್ಲ, ‘ಪಾಲಕ’ ಎಂದರು. ಹೀಗಾಗಿ ಕುರಿಗಾಹಿ, ತಾಯಿತಂದೆ, ಸಭೆಯ ಮುಖಂಡ ಈ ಮೂವರೂ ನಮಗೆ ಒಂದೇ ಶಬ್ದದೊಳಗೆ ಸೇರಿಹೋಗಿದ್ದಾರೆ.

ಒಂದು ಮತವನ್ನು ಹೊಗಳಿ ಮತ್ತೊಂದನ್ನು ತೆಗಳುವ ಉದ್ದೇಶ ನನಗಿಲ್ಲ. ನಾಯಕತ್ವವೆಂದರೇನೆಂಬುದನ್ನು ಕ್ರೈಸ್ತ ಸಂಪ್ರದಾಯ ಹೇಗೆ ತಿಳಿದುಕೊಂಡಿದೆ, ದುಡಿಮೆಯಲ್ಲಿಯೂ ಮನೆಯಲ್ಲಿಯೂ ಮನುಷ್ಯನು ಬೆಳೆಯುವುದಕ್ಕೆ ಅದರಿಂದ ಏನು ದೊರೆತೀತು ಎಂಬುದನ್ನು ಓದಿದಷ್ಟು, ಕಂಡಷ್ಟು ಸಹಪಾಠಿಗಳ ಮುಂದಿಡುತ್ತೇನೆ. ತಪ್ಪಿದ್ದಲ್ಲಿ ಗುರುಹಿರಿಯರು ತಿದ್ದಬೇಕು.

ಮೊದಲು ಕುರಿಗಾಹಿಯನ್ನೇ ನೋಡೋಣ. ಸುಗ್ಗಿ ಮುಗಿದ ಮೇಲೆ ನಮ್ಮ ಹೊಲಗಳಲ್ಲಿ ಕುರಿ ನಿಲ್ಲಿಸುವ ಪದ್ಧತಿ ಇದೆ. ಗೊಬ್ಬರಕ್ಕಾಗಿ ರೈತನು ಕುರಿಗಾರರನ್ನು ಕರೆಯುತ್ತಾನೆ; ರಾತ್ರಿ ಹಿಂಡು ಹೊಲದಲ್ಲಿಯೇ ಮಲಗುತ್ತದೆ. ಕತ್ತಲಾಗುವ ಹೊತ್ತಿಗೆ ಕುರಿಗಾರನು ಮಾಡುವ ಮೊದಲನೆಯ ಕೆಲಸ ಎಣಿಸುವುದು. ಒಂದು ಕಡಿಮೆಯಾದರೆ ಆತನಿಗೆ ಊಟ ಸೇರದು. ಆ ದಿನ ಹುಟ್ಟಿದ ಮರಿಯನ್ನು ಕಂಬಳಿಯಲ್ಲಿ ಕಟ್ಟಿಕೊಂಡು ತಾನೇ ಹೊತ್ತು ತರುತ್ತಾನೆ. ತೊಂಬತ್ತೊಂಬತ್ತು ಕುರಿಗಳನ್ನು ಬಿಟ್ಟು ತಪ್ಪಿಹೋದ ಒಂದನ್ನು ಹುಡುಕಲು ಹೋದವನ ಸಾಮತಿಯನ್ನು ಯೇಸು ಹೇಳಿದನು. ಆ ಕಥೆ ನಮ್ಮ ಹಳ್ಳಿಯವರಿಗೆ ವ್ಯಾಖ್ಯಾನವಿಲ್ಲದೆ ತಿಳಿಯುತ್ತದೆ. ಪಾಲಕನ ಮೊದಲ ಲಕ್ಷಣ ಇದು: ಆತನಿಗೆ ಎಣಿಕೆ ಗೊತ್ತಿರಬೇಕು, ಮತ್ತು ಆ ಎಣಿಕೆಗೆ ಆತನೇ ಉತ್ತರ ಹೇಳಬೇಕು.

ಎರಡನೆಯ ಲಕ್ಷಣ ಸೇವೆ. ಶಿಲುಬೆಗೆ ಏರಿಸಲ್ಪಡುವ ಹಿಂದಿನ ರಾತ್ರಿ ಯೇಸು ನಡುವಿಗೆ ಬಟ್ಟೆ ಸುತ್ತಿಕೊಂಡು ಶಿಷ್ಯರ ಕಾಲುಗಳನ್ನು ತೊಳೆದನೆಂದು ಯೋಹಾನನ ಸುವಾರ್ತೆಯ 13ನೆಯ ಅಧ್ಯಾಯ ಹೇಳುತ್ತದೆ. ಆ ಕಾಲದಲ್ಲಿ ಅದು ಮನೆಯ ಆಳಿನ ಕೆಲಸ. ಶಿಷ್ಯನೊಬ್ಬನು ಬೇಡವೆಂದನು, ಗುರು ಬಿಡಲಿಲ್ಲ. ಇದು ಪರದೇಶದ ಮಾತೆಂದು ರಾಯಚೂರಿನವರು ಹೇಳುವಂತಿಲ್ಲ. ನಮ್ಮದು ದಾಸರ ನಾಡು. ಮಾನವಿ ಸೀಮೆಯ ಚಿಕಲಪರ್ವಿಯ ವಿಜಯದಾಸರು, ದೇವದುರ್ಗ ಸೀಮೆಯ ಮೊಸರಕಲ್ಲಿನ ಗೋಪಾಲದಾಸರು, ಮಾನವಿಯಲ್ಲಿ ನೆಲೆಸಿದ ಜಗನ್ನಾಥದಾಸರು 18ನೆಯ ಶತಮಾನದಲ್ಲಿ ಈ ಭಾಗದ ಜನಕ್ಕೆ ದಾರಿ ತೋರಿದವರು. ಅವರು ತಮಗೆ ತಾವೇ ಇಟ್ಟುಕೊಂಡ ಬಿರುದು ‘ದಾಸ’, ಎಂದರೆ ಸೇವಕ. ಜಗನ್ನಾಥದಾಸರು ಮೊದಲು ಶ್ರೀನಿವಾಸಾಚಾರ್ಯರೆಂಬ ಸಂಸ್ಕೃತ ಪಂಡಿತರಾಗಿದ್ದರು. ಕನ್ನಡದಲ್ಲಿ ಹಾಡುವ ದಾಸರನ್ನು ಕಡೆಗಣಿಸಿ, ಬಳಿಕ ಕಷ್ಟಕ್ಕೆ ಸಿಲುಕಿ, ಗೋಪಾಲದಾಸರ ಕರುಣೆಯಿಂದ ಬದುಕಿ, ತಾವೂ ದಾಸರಾದರೆಂದು ಸಂಪ್ರದಾಯ ಹೇಳುತ್ತದೆ. ಓದಿದವನ ಅಹಂಕಾರ ಇಳಿದ ಮೇಲೆಯೇ ಆತನು ದೊಡ್ಡವನಾದನೆಂಬ ಈ ಕಥೆ ಪದವಿಯ ಹೊಸ್ತಿಲಲ್ಲಿ ನಿಂತ ನಮ್ಮಂಥವರು ನೆನೆಯತಕ್ಕದ್ದು.

ಇನ್ನು ದುಡಿಮೆಯ ವಿಷಯ. ನಮ್ಮ ಮೆಥಡಿಸ್ಟ್ ಪಂಗಡದ ಮೂಲಪುರುಷ ಜಾನ್ ವೆಸ್ಲಿ ಎಂಬಾತ 18ನೆಯ ಶತಮಾನದ ಇಂಗ್ಲೆಂಡಿನವನು. 1742ರಲ್ಲಿ ಬ್ರಿಸ್ಟಲ್ ಪಟ್ಟಣದ ಆತನ ಸಂಘದವರು ಪ್ರಾರ್ಥನಾಮಂದಿರ ಕಟ್ಟಿ ಸಾಲ ಮಾಡಿಕೊಂಡಿದ್ದರು. ಸಾಲ ತೀರುವವರೆಗೆ ಪ್ರತಿಯೊಬ್ಬನೂ ವಾರಕ್ಕೆ ಒಂದು ಪೆನ್ನಿ ಕೊಡಬೇಕೆಂದು ಕ್ಯಾಪ್ಟನ್ ಫಾಯ್ ಎಂಬವನು ಸೂಚಿಸಿದನು. ಬಡವರು ಎಲ್ಲಿಂದ ಕೊಡಬೇಕೆಂದು ಮತ್ತೊಬ್ಬನು ಕೇಳಿದಾಗ ಫಾಯ್ ಒಂದು ಹಾದಿ ತೋರಿಸಿದನು. ಸಂಘದಲ್ಲಿ ಅತ್ಯಂತ ಬಡವರಾದ ಹನ್ನೊಂದು ಮಂದಿಯನ್ನು ತನ್ನ ಪಾಲಿಗೆ ಹಾಕಬೇಕು. ತಾನು ವಾರವಾರ ಅವರ ಮನೆಗೆ ಹೋಗುವನು. ಕೊಡಲಾರದವರ ಪೆನ್ನಿಯನ್ನು ತಾನೇ ತುಂಬುವನು. ಮಿಕ್ಕವರೂ ಹಾಗೆಯೇ ಮಾಡಲಿ ಎಂದನು. ಹೀಗೆ ಹನ್ನೆರಡು ಹನ್ನೆರಡು ಜನರ ಗುಂಪುಗಳು ಹುಟ್ಟಿದವು. ಹಣ ಎತ್ತಲು ಮನೆಮನೆಗೆ ಹೋದ ಮುಖಂಡರಿಗೆ ಯಾರ ಮನೆಯಲ್ಲಿ ಕಾಯಿಲೆ, ಯಾರ ಮನೆಯಲ್ಲಿ ಕುಡಿತ, ಯಾರ ಮನೆಯಲ್ಲಿ ಜಗಳ ಎಂಬುದೂ ತಿಳಿಯತೊಡಗಿತು. ಸಾಲ ವಸೂಲಿಗೆಂದು ಆರಂಭವಾದದ್ದು ಒಬ್ಬರನ್ನೊಬ್ಬರು ನೋಡಿಕೊಳ್ಳುವ ಏರ್ಪಾಟಾಯಿತು. ಆ ಗುಂಪುಗಳ ಮುಖಂಡರಲ್ಲಿ ಕೈಕೆಲಸದವರಿದ್ದರು, ಹೆಂಗಸರೂ ಇದ್ದರು. ಹನ್ನೆರಡು ಜನರ ಭಾರ ಹೊತ್ತವನು ಲೆಕ್ಕ ಬರೆಯಲು ಕಲಿತನು, ಮಾತನಾಡಲು ಕಲಿತನು, ಸೈರಣೆ ಕಲಿತನು. ನಾಯಕತ್ವವು ಮನುಷ್ಯನನ್ನು ಬೆಳೆಸುವ ಬಗೆ ಇದು. ಮೊದಲು ಭಾರ, ಆಮೇಲೆ ಬೆಳವಣಿಗೆ.

ಈ ಸಂಗತಿಯನ್ನು ಓದಿದಾಗ ನನಗೆ ನನ್ನ ತಂದೆ ಕಣ್ಣಮುಂದೆ ಬಂದರು. ನಮ್ಮ ಭೂಮಿ ಮಳೆಯನ್ನೇ ನಂಬಿದ್ದು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಮಾನವಿಯ ಗದ್ದೆಗಳಿಗೆ ಹರಿದರೂ ನಮ್ಮ ಹೊಲವನ್ನು ಕಂಡಿಲ್ಲ. ಜೋಳ, ತೊಗರಿ ಒಕ್ಕಿದ ಮೇಲೆ ಊರಿನ ಅರ್ಧ ಜನ ಗುಳೆ ಹೊರಡುತ್ತಾರೆ. ತಂದೆಯವರು ಹತ್ತು ಹನ್ನೆರಡು ಮನೆಗಳ ಜನರನ್ನು ಕರೆದುಕೊಂಡು ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋಗುವ ಮೇಸ್ತ್ರಿ. ಗುತ್ತಿಗೆದಾರನಿಂದ ಮುಂಗಡ ತರುವವರು, ಹಂಚುವವರು, ಕೆಲಸ ತೋರಿಸುವವರು ಅವರೇ.

ಎರಡು ವರ್ಷಗಳ ಹಿಂದೆ ಬೇಸಗೆ ರಜೆಯಲ್ಲಿ ಅವರ ಲೆಕ್ಕದ ಪುಸ್ತಕ ಬರೆಯಲು ನಾನೂ ಬೆಂಗಳೂರಿಗೆ ಹೋಗಿದ್ದೆ. ಒಬ್ಬ ಆಳಿಗೆ ಹತ್ತು ದಿನ ಜ್ವರ ಬಂದು ಮಲಗಿದ. ಶನಿವಾರದ ಬಟವಡೆಯಲ್ಲಿ ತಂದೆಯವರು ಆತನ ಹೆಂಡತಿಯ ಕೈಗೆ ಅರ್ಧ ಕೂಲಿ ಇಟ್ಟರು. ಕೆಲಸ ಮಾಡದವನ ಕೂಲಿ ಯಾವ ಮನೆಯಲ್ಲಿ ಬರೆಯಬೇಕೆಂದು ನನಗೆ ತಿಳಿಯಲಿಲ್ಲ.

“ಅಪ್ಪಾ, ಇದು ಯಾರ ಲೆಕ್ಕಕ್ಕ ಬರೀಲಿ?” ಎಂದೆ.

“ನನ್ನ ಲೆಕ್ಕಕ್ಕ ಬರಿ. ಕರಕೊಂಡು ಬಂದಾವ ನಾನಲ್ಲೇನು?” ಎಂದರು.

ತಂದೆಯವರು ಕ್ಯಾಪ್ಟನ್ ಫಾಯನ ಹೆಸರನ್ನು ಕೇಳಿದವರಲ್ಲ. ಆದರೂ ಕರೆದುಕೊಂಡು ಬಂದವನೇ ಉತ್ತರ ಹೇಳಬೇಕೆಂಬ ಧರ್ಮ ಅವರಿಗೆ ತಿಳಿದಿತ್ತು. ಅರ್ಜಿಯ ಮೇಲೆ ಅವರು ಒತ್ತಿದ ಹೆಬ್ಬೆಟ್ಟಿನ ಅರ್ಥ ನನಗೆ ಅಂದು ಹೊಳೆಯಿತು.

ಆದರೆ ಹೊರಗೆ ಪಾಲಕನಾದವನು ಮನೆಯಲ್ಲಿಯೂ ಪಾಲಕನಾಗಿರುವನೆಂದು ನಂಬುವಂತಿಲ್ಲ. ವೆಸ್ಲಿಯ ಬಾಳಿನಲ್ಲಿಯೇ ಇದಕ್ಕೆ ಸಾಕ್ಷಿ ಇದೆ. ಸಾವಿರಾರು ಜನರ ಗೃಹಸ್ಥಿತಿಯನ್ನು ವಿಚಾರಿಸುವ ಏರ್ಪಾಟು ಮಾಡಿದವನು 1751ರಲ್ಲಿ ಮೇರಿ ವ್ಯಾಝೆಲ್ ಎಂಬ ವಿಧವೆಯನ್ನು ಮದುವೆಯಾದನು. ಊರೂರು ತಿರುಗುವ ತನ್ನ ಕ್ರಮವನ್ನು ಆತನು ಮದುವೆಯ ನಂತರವೂ ಬದಲಿಸಲಿಲ್ಲ. ಸಂಸಾರ ಕೂಡಿಬರಲಿಲ್ಲ, ಆಕೆ ಹಲವು ಸಲ ಮನೆ ಬಿಟ್ಟುಹೋದಳು. 1781ರಲ್ಲಿ ಆಕೆ ತೀರಿಕೊಂಡು ಮಣ್ಣಾದ ಸುದ್ದಿ ಆತನಿಗೆ ತಡವಾಗಿ ತಿಳಿಯಿತು. ತಪ್ಪು ಯಾರದೆಂದು ಚರಿತ್ರಕಾರರು ವಾದಿಸಲಿ. ಹೊರಗಿನ ಹಿಂಡನ್ನು ಎಣಿಸುತ್ತ ಹೋದವನಿಗೆ ಮನೆಯೊಳಗಿನ ಒಂದು ಎಣಿಕೆ ತಪ್ಪಿಹೋಯಿತೆಂಬುದಂತೂ ನಿಜ.

ನನ್ನ ಎಣಿಕೆಯೂ ತಪ್ಪಿತ್ತು. ಬೆಂಗಳೂರಿನಿಂದ ಮರಳಿದ ವರ್ಷವೇ ನನ್ನ ತಂಗಿ ಎಸ್.ಎಸ್.ಎಲ್.ಸಿ. ಪಾಸಾದಳು. ಮುಂದಿನ ಗುಳೆಯಲ್ಲಿ ಅವಳು ಗುಂಪಿಗೆ ರೊಟ್ಟಿ ಬಡಿಯಲು ಬರಬೇಕೆಂದು ತಂದೆಯವರು ನಿಶ್ಚಯಿಸಿದರು. ಕಾರಣ, ರಾಯಚೂರಿನಲ್ಲಿ ನನ್ನ ಊಟ, ಕೋಣೆ, ಪುಸ್ತಕಗಳ ಖರ್ಚು. ನಾನು ಬಾಯಿ ಬಿಡಲಿಲ್ಲ. ಅದೇ ವರ್ಷ ಒಂದು ಭಾಷಣಸ್ಪರ್ಧೆಯಲ್ಲಿ ಸ್ತ್ರೀಶಿಕ್ಷಣವನ್ನು ಕುರಿತು ಮಾತನಾಡಿ ನಾನು ಎರಡನೆಯ ಬಹುಮಾನ ಪಡೆದಿದ್ದೆ. ಪ್ರಶಸ್ತಿಪತ್ರವನ್ನು ಅವ್ವ ಗೋಡೆಗೆ ತೂಗುಹಾಕಿದ್ದಳು. ಒಂದು ಸಂಜೆ ತಂಗಿ ಕಸ ಹೊಡೆಯುತ್ತ ಅದರ ಕೆಳಗೆ ನಿಂತು ಕೇಳಿದಳು: “ಅಣ್ಣಾ, ಆವತ್ತು ನೀ ಯಾರ ಬಗ್ಗೆ ಭಾಷಣ ಮಾಡಿದ್ದಿ?”

ಅವಳ ದನಿಯಲ್ಲಿ ಕೋಪವಿರಲಿಲ್ಲ. ನನಗೆ ಉತ್ತರ ಹೊಳೆಯಲಿಲ್ಲ.

6ನೆಯ ಶತಮಾನದ ಇಟಲಿಯಲ್ಲಿ ಸಂತ ಬೆನೆಡಿಕ್ಟನು ಮಠವಾಸಿಗಳಿಗಾಗಿ ಬರೆದ ನಿಯಮಾವಳಿಯಲ್ಲಿ ಒಂದು ಮಾತಿದೆ. ಮುಖ್ಯ ವಿಷಯಗಳಲ್ಲಿ ಮಠಾಧಿಪತಿಯು ಎಲ್ಲರನ್ನೂ ಕರೆದು ಕೇಳಬೇಕು. ಏಕೆಂದರೆ ಎಷ್ಟೋ ಸಲ ಉತ್ತಮವಾದುದನ್ನು ದೇವರು ಎಲ್ಲರಿಗಿಂತ ಕಿರಿಯವನಿಗೆ ತಿಳಿಸುತ್ತಾನೆ ಎಂಬುದು ಅದರ ಭಾವ. ನಮ್ಮ ಮನೆಯಲ್ಲಿ ಕಿರಿಯಳು ತಂಗಿ. ಅವಳನ್ನು ಯಾರೂ ಕೇಳಿರಲಿಲ್ಲ. ಅವಳೇ ನನ್ನನ್ನು ಕೇಳಬೇಕಾಯಿತು.

ಮರುದಿನ ತಂದೆಯವರೊಡನೆ ಮಾತನಾಡಿದೆ. ಅವರು ಗದರಿಸಲಿಲ್ಲ. “ಹೇಳಾದು ಸರಳ. ಲೆಕ್ಕ ಕೂಡಿಸಿ ತೋರ್ಸು” ಎಂದರು. ಅದು ನ್ಯಾಯವಾದ ಮಾತು. ಆ ರಾತ್ರಿ ಪುಸ್ತಕ ಹಿಡಿದು ನನ್ನ ಖರ್ಚನ್ನು ಬಿಡಿಬಿಡಿಯಾಗಿ ಬರೆದೆ. ರಾಯಚೂರಿನ ಒಂದು ಹತ್ತಿ ವ್ಯಾಪಾರದ ಅಂಗಡಿಯಲ್ಲಿ ಸಾಯಂಕಾಲ ಲೆಕ್ಕ ಬರೆಯುವ ಕೆಲಸ ಹಿಡಿದರೆ ನನ್ನ ಊಟದ ಖರ್ಚು ನಾನೇ ತೂಗಿಸಬಹುದೆಂದು ಕಂಡಿತು. ಉಳಿದದ್ದು ರೊಟ್ಟಿಯ ಪ್ರಶ್ನೆ. ಗುಂಪಿನ ಗಂಡಸರು ಪಾಳಿಯ ಮೇಲೆ ರೊಟ್ಟಿ ಮಾಡಲಿ ಎಂದು ಅವ್ವ ಹೇಳಿದಳು. ತಂದೆಯವರು ಬಹಳ ಹೊತ್ತು ಸುಮ್ಮನಿದ್ದು, “ಹಂಗಾದ್ರ ಮೊದಲ ಪಾಳಿ ನಂದು” ಎಂದರು. ಬೆಂಗಳೂರಿನಲ್ಲಿ ಮೇಸ್ತ್ರಿಯೇ ಒಲೆಯ ಮುಂದೆ ಕುಳಿತದ್ದನ್ನು ಕಂಡ ಮೇಲೆ ಉಳಿದವರು ಒಲ್ಲೆನೆನ್ನಲಿಲ್ಲವಂತೆ. ಮೊದಲ ವಾರದ ರೊಟ್ಟಿ ಅಂಗೈಯಷ್ಟು ದಪ್ಪ ಇದ್ದವೆಂದು ಊರಿಗೆ ಬಂದವರು ನಗುತ್ತ ಹೇಳಿದರು. ಯೋಹಾನನ 13ನೆಯ ಅಧ್ಯಾಯವನ್ನು ಸಭೆಯಲ್ಲಿ ಓದುವಾಗಲೆಲ್ಲ ನನಗೆ ಈಗ ಆ ದಪ್ಪ ರೊಟ್ಟಿಗಳು ನೆನಪಾಗುತ್ತವೆ.

ಮೂರನೆಯ ಲಕ್ಷಣವೊಂದು ಉಳಿದಿದೆ. ಪಾಲಕನು ತಾನೂ ಬೆಳೆಯಬೇಕು, ತನ್ನ ಕೈಕೆಳಗಿನವರನ್ನೂ ಬೆಳೆಸಬೇಕು. ಇದಕ್ಕೆ ಕನ್ನಡದಲ್ಲಿಯೇ ಉಜ್ವಲವಾದ ಉದಾಹರಣೆಗಳಿವೆ. 1853ರಲ್ಲಿ ಜರ್ಮನಿಯಿಂದ ಬಂದ ಫರ್ಡಿನೆಂಡ್ ಕಿಟೆಲ್ ಇಲ್ಲಿಯ ಜನರಿಗೆ ಕಲಿಸಲು ಬಂದವರು. ಅವರು ಇಲ್ಲಿಯ ಜನರಿಂದ ಕಲಿಯುತ್ತ ಹೋದರು. 1894ರಲ್ಲಿ ಅಚ್ಚಾದ ಕನ್ನಡ ಇಂಗ್ಲಿಷ್ ನಿಘಂಟು ಆ ಕಲಿಕೆಯ ಫಲ. 1881ರಲ್ಲಿ ಧಾರವಾಡದಲ್ಲಿ ಹುಟ್ಟಿದ ರೆವರೆಂಡ್ ಉತ್ತಂಗಿ ಚನ್ನಪ್ಪನವರು ಬಾಸೆಲ್ ಮಿಶನ್ನಿನ ಸಭೆಗಳಲ್ಲಿ ಸಭಾಪಾಲಕರಾಗಿ ದುಡಿದವರು. ಆ ವೃತ್ತಿಯನ್ನು ನಡೆಸುತ್ತಲೇ ಅವರು ಹಳ್ಳಿಹಳ್ಳಿಗಳಿಂದ, ಓಲೆಗರಿಗಳಿಂದ, ಜನರ ಬಾಯಿಂದ ಸರ್ವಜ್ಞನ ವಚನಗಳನ್ನು ಕೂಡಿಸಿ 1924ರಲ್ಲಿ ಪ್ರಕಟಿಸಿದರು. ಸರ್ವಜ್ಞ ಅವರ ಸಭೆಯವನಲ್ಲ. ಆದರೂ ಕನ್ನಡಿಗರು ಎಲ್ಲಿಯೋ ಚೆಲ್ಲಿಬಿಟ್ಟಿದ್ದ ಮಾತುಗಳನ್ನು ಒಬ್ಬ ಪಾಲಕನಂತೆ ಒಂದೊಂದಾಗಿ ಎಣಿಸಿ ತಂದರು. ‘ತಿರುಳ್ಗನ್ನಡದ ತಿರುಕ’ ಎಂಬ ಹೆಸರು ಅವರಿಗೆ ಬಂದಿತು. 1949ರಲ್ಲಿ ಕಲಬುರ್ಗಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ನಿಜಾಮರ ಆಳ್ವಿಕೆ ಕೊನೆಗೊಂಡು ಆಗ ಒಂದು ವರ್ಷವೂ ಸರಿಯಾಗಿ ಕಳೆದಿರಲಿಲ್ಲವೆಂಬಷ್ಟು ಹತ್ತಿರದ ಕಾಲ. ರಾಯಚೂರು, ಕಲಬುರ್ಗಿಗಳು ಇನ್ನೂ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಅಂಥ ಹೊತ್ತಿನಲ್ಲಿ ಈ ನಾಡಿನ ಕನ್ನಡಿಗರು ಒಬ್ಬ ಸಭಾಪಾಲಕರನ್ನು ಮುಂದೆ ಕೂರಿಸಿಕೊಂಡರು.

ಬಾಸೆಲ್ ಮಿಶನ್ನಿನ ಚರಿತ್ರೆಯಿಂದ ಮತ್ತೊಂದು ಪಾಠವಿದೆ. ಮತಾಂತರ ಹೊಂದಿ ಬಂಧುಗಳಿಂದಲೂ ಕಸುಬಿನಿಂದಲೂ ದೂರವಾದವರಿಗೆ ಉಪದೇಶವೊಂದೇ ಸಾಲದೆಂದು ಕಂಡು ಮಿಶನ್ನಿನವರು ನೇಯ್ಗೆಯ ಕಾರ್ಖಾನೆ ತೆರೆದರು. 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದರು. ಕರೆದುಕೊಂಡು ಬಂದವರ ಹೊಟ್ಟೆಗೆ ಉತ್ತರ ಹೇಳಬೇಕೆಂಬ ಪಾಲಕನ ಧರ್ಮವೇ ಇದು. ಆದರೆ ಒಡೆತನ ಮಿಶನ್ನಿನ ಕೈಯಲ್ಲಿಯೇ ಉಳಿಯಿತು. 1914ರಲ್ಲಿ ಮೊದಲ ಮಹಾಯುದ್ಧ ಬಂದಾಗ ಬ್ರಿಟಿಷ್ ಸರ್ಕಾರ ಜರ್ಮನ್ ಮಿಶನರಿಗಳನ್ನು ಬಂಧನದಲ್ಲಿರಿಸಿ ಬಳಿಕ ದೇಶದಿಂದ ಹೊರಗೆ ಕಳುಹಿಸಿತು. ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಕಾರ್ಖಾನೆ ಕಟ್ಟಿದವರ ಕೈಯಲ್ಲಿಯೂ ಉಳಿಯಲಿಲ್ಲ, ಅದರಲ್ಲಿ ದುಡಿದವರ ಕೈಗೂ ಬರಲಿಲ್ಲ. ಸಭೆಗಳು ಮಾತ್ರ ಬಾಳಿದವು. ಏಕೆಂದರೆ ಅವುಗಳ ಭಾರ ಹೊರಬಲ್ಲ ದೇಶೀಯ ಸಭಾಪಾಲಕರು ಅಷ್ಟರಲ್ಲಿ ಬೆಳೆದು ನಿಂತಿದ್ದರು. ತಾನಿಲ್ಲದಾಗಲೂ ನಡೆಯುವಂತೆ ಇತರರನ್ನು ಸಿದ್ಧಗೊಳಿಸುವುದೇ ಪಾಲಕನ ಕೊನೆಯ ಪರೀಕ್ಷೆ. ಮಗುವಿನ ಕೈಯನ್ನು ಎಂದಿಗೂ ಬಿಡದ ತಾಯಿಯಿಂದ ಮಗುವಿಗೆ ನಡೆಯಲು ಬಾರದಷ್ಟೆ.

ಹಾಗಾದರೆ ಇಷ್ಟನ್ನು ಒಂದೆಡೆ ಕೂಡಿಸಿ ಹೇಳಬಹುದು. ಯಾರಾದರೂ ಮುಂದಾಳೆನಿಸಿಕೊಂಡರೆ, ಅದು ಕಚೇರಿಯಲ್ಲಿರಲಿ, ತರಗತಿಯಲ್ಲಿರಲಿ, ಸಂಸಾರದಲ್ಲಿರಲಿ, ಮೂರು ಪ್ರಶ್ನೆಗಳನ್ನು ತನಗೆ ತಾನೇ ಕೇಳಿಕೊಳ್ಳಲಿ. ನನಗೆ ಒಪ್ಪಿಸಿದವರ ಎಣಿಕೆ ನನಗೆ ಗೊತ್ತಿದೆಯೇ? ಕಷ್ಟದ ಪಾಳಿಯನ್ನು ಮೊದಲು ನಾನು ಹಿಡಿದೆನೇ? ನನ್ನ ಕೈಕೆಳಗೆ ಯಾರಾದರೂ ಬೆಳೆದರೇ? ನಮ್ಮಲ್ಲಿ ಅನೇಕರು ಮನೆತನದಲ್ಲಿ ಮೊದಲ ಪದವೀಧರರಾಗಲಿದ್ದೇವೆ. ಊರಿಗೆ ಹೋದರೆ ಹಿರಿಯರೂ ಎದ್ದು ಜಾಗ ಕೊಡುತ್ತಾರೆ; ಕಾಗದ ಓದಿಸಲು ಬರುತ್ತಾರೆ; ನಮ್ಮ ಮಾತೇ ಕೊನೆಯ ಮಾತೆನ್ನುತ್ತಾರೆ. ಈ ಮನ್ನಣೆ ಸುಖಕರವಾದದ್ದು, ಆದುದರಿಂದಲೇ ಅಪಾಯಕರವಾದದ್ದು. ನನ್ನ ಓದಿಗಾಗಿ ಯಾರು ಯಾರು ಏನೇನು ಬಿಟ್ಟುಕೊಟ್ಟರೆಂದು ಎಣಿಸದಿದ್ದರೆ ಪದವಿ ನನ್ನನ್ನು ಪಾಲಕನನ್ನಾಗಿ ಮಾಡದು.

ತಂಗಿ ಈಗ ಮಾನವಿಯಲ್ಲಿ ಪಿ.ಯು.ಸಿ. ಎರಡನೆಯ ವರ್ಷದಲ್ಲಿದ್ದಾಳೆ. ಈ ಸಲ ಅವಳ ಅರ್ಜಿ ತುಂಬುವಾಗ ತಂದೆಯವರು ಬೆಂಗಳೂರಿನಲ್ಲಿದ್ದರು. ರಜೆಗೆ ಊರಿಗೆ ಹೋಗಿದ್ದ ನಾನು ‘ಪಾಲಕರ ಸಹಿ’ ಎಂಬಲ್ಲಿಗೆ ಬಂದೊಡನೆ ಕಿಸೆಯಿಂದ ಪೆನ್ನು ತೆಗೆದೆ. ಈ ದಿನಕ್ಕಾಗಿ ನಾನು ಕಾದಿದ್ದೆನೆಂದರೂ ತಪ್ಪಲ್ಲ.

“ತಡಿ ಅಣ್ಣಾ, ಅವ್ವಗ ಕೊಡು” ಎಂದಳು ತಂಗಿ.

ಅವ್ವನಿಗೆ ಹೆಸರು ಬರೆಯಲು ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ರಾತ್ರಿ ರಾತ್ರಿ ತಂಗಿ ಅವಳಿಗೆ ಕಲಿಸಿದ್ದಳು. ಅವ್ವ ಅರ್ಜಿಯನ್ನು ಮಣೆಯ ಮೇಲಿಟ್ಟುಕೊಂಡು, ಒಂದೊಂದು ಅಕ್ಷರಕ್ಕೂ ನಿಂತು ನಿಂತು ಬರೆದಳು. ಕೊನೆಯ ಅಕ್ಷರ ಗೆರೆ ದಾಟಿ ಹೊರಗೆ ಹೋಯಿತು. ನಾನು ಆ ಅರ್ಜಿಯನ್ನು ಮಡಚಲಿಲ್ಲ. ಮರುದಿನ ಕಾಲೇಜಿನ ಕಿಟಕಿಯ ಮುಂದೆ ಸಾಲಿನಲ್ಲಿ ನಿಂತಾಗ ಎಲ್ಲರಿಗೂ ಕಾಣುವಂತೆ ಬಿಚ್ಚಿ ಹಿಡಿದುಕೊಂಡಿದ್ದೆ.